ಮೂಕಜೀವಿಗೆ ಮೆಚ್ಚುಗೆಯ ಮಾತು



ಈ ಸಂಚಿಕೆಯ ಅಧ್ಯಯನಕ್ಕೆ ನಾವು ಆರಿಸಿಕೊಂಡ ವಿಷಯ ಮೊದಲ ನೋಟಕ್ಕೆ ಮಠದ ಪತ್ರಿಕೆಗೆ ಒಪ್ಪದ್ದೆಂದು ಕೆಲವರಿಗೆ ತೋರಬಹುದು. ಕುದುರೆಯನ್ನು ಪಳಗಿಸುವಲ್ಲಿ ಹೊಗಳಿಕೆಯ ಮಾತಿಗೂ ಕೃತಜ್ಞತೆಗೂ ಎಷ್ಟು ಬೆಲೆ ಉಂಟು ಎಂಬುದೇ ಆ ವಿಷಯ. ವಿಶ್ರಾಮಬಾಗದಲ್ಲಿ ಭಕ್ತರು ಕೂಡಿ ನಡೆಸಿದ ಅನುಭಾವ ಗೋಷ್ಠಿಯಲ್ಲಿ ದಯೆಯ ಮಾತು ಬಂದಾಗ ಒಬ್ಬ ರೈತ ಬಂಧುಗಳು ಎದ್ದು ನಿಂತು, "ದಯೆ ಅನ್ನೂದು ಖರೇನ. ಆದರ ಬಾರುಕೋಲು ಇಲ್ಲದ ಎತ್ತು ನೊಗಕ್ಕ ಹೆಗಲ ಕೊಡತಾವೇನ್ರಿ? ಚಾಬೂಕು ಇಲ್ಲದ ಕುದುರಿ ಗಾಡಿ ಎಳೀತೈತೇನ್ರಿ? ಮಕ್ಕಳಿಗೂ ಹಂಗ, ಹೊಗಳಿದರ ತಲಿ ಮ್ಯಾಲ ಕೂಡತಾವ" ಎಂದು ಕೇಳಿದರು. ಸಭೆಯಲ್ಲಿ ಹಲವರು ತಲೆದೂಗಿದರು. ಪ್ರಶ್ನೆ ನೇರವಾದದ್ದು, ಪ್ರಾಮಾಣಿಕವಾದದ್ದು. ಆದ್ದರಿಂದ ಅದಕ್ಕೆ ಉತ್ತರವನ್ನು ಬರಿಯ ಉಪದೇಶದಲ್ಲಿ ಕೊಡದೆ, ಪ್ರಾಣಿಗಳನ್ನು ಬಲ್ಲವರ ಅನುಭವದಲ್ಲಿಯೂ ಶಾಸ್ತ್ರಜ್ಞರ ಪರೀಕ್ಷೆಗಳಲ್ಲಿಯೂ ಹುಡುಕುವುದು ಯೋಗ್ಯವೆಂದು ನಮಗೆ ತೋರಿತು.

ನಮ್ಮ ನೆರೆಯ ಅಂಕಲಿಯ ಕುದುರೆಗಳು

ದೃಷ್ಟಾಂತಕ್ಕಾಗಿ ದೂರ ಹೋಗಬೇಕಾಗಿಲ್ಲ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲೂಕಿನಲ್ಲಿ ಕೃಷ್ಣಾ ನದಿಯ ಸಮೀಪ ಅಂಕಲಿ ಎಂಬ ಊರಿದೆ. (ಸಾಂಗಲಿಯ ಹತ್ತಿರದ ಅಂಕಲಿ ಬೇರೆ, ಇದು ಬೇರೆ.) ಅಲ್ಲಿಯ ಶಿತೋಳೆ ಸರಕಾರ ಮನೆತನದ ವಾಡೆಯಿಂದ ಪ್ರತಿ ವರುಷ ಎರಡು ಕುದುರೆಗಳು ಪುಣೆಯ ಬಳಿಯ ಆಳಂದಿಗೆ ಹೊರಡುತ್ತವೆ. ಆಳಂದಿಯಿಂದ ಪಂಢರಪುರಕ್ಕೆ ಹೋಗುವ ಸಂತ ಜ್ಞಾನೇಶ್ವರರ ಪಾಲಖಿಯ ಮುಂದೆ ನಡೆಯುವ ಮಾನ ಈ ಕುದುರೆಗಳದು. 19ನೆಯ ಶತಮಾನದ ಮೊದಲ ಭಾಗದಲ್ಲಿ ಹೈಬತಬಾಬಾ ಆರಫಳಕರರು ಈ ಪಾಲಖಿಗೆ ಇಂದಿನ ಶಿಸ್ತಿನ ಸ್ವರೂಪ ಕೊಟ್ಟಾಗ ಅಂಕಲಿಯ ಮನೆತನ ಅದಕ್ಕೆ ಬೆಂಬಲವಾಗಿ ನಿಂತಿತು. ಕುದುರೆಗಳು ಅಂಕಲಿಯಿಂದ ಹೊರಟು ನಮ್ಮ ಮಿರಜ, ಸಾಂಗಲಿ ಭಾಗವನ್ನು ಹಾದು, ಸಾತಾರಾ ಜಿಲ್ಲೆಯನ್ನು ದಾಟಿ, ಸುಮಾರು 300 ಕಿಲೋಮೀಟರ್ ನಡೆದು ಆಳಂದಿ ಮುಟ್ಟುತ್ತವೆ. ಅಲ್ಲಿಂದ ಮತ್ತೆ ಪಂಢರಪುರದವರೆಗೆ ಸುಮಾರು 250 ಕಿಲೋಮೀಟರ್. ಕರೋನಾ ಕಾಲದ 2020 ಮತ್ತು 2021ರಲ್ಲಿ ಪಾದಯಾತ್ರೆ ನಡೆಯದೆ ಪಾದುಕೆಗಳು ಬಸ್ಸಿನಲ್ಲಿ ಪಂಢರಪುರಕ್ಕೆ ಹೋದವು. 2022ರಲ್ಲಿ ಪಾದಯಾತ್ರೆ ಪುನಃ ಆರಂಭವಾಯಿತು. ಗಡಿ ಎಂಬುದು ನಕಾಶೆಯ ಗೆರೆ ಮಾತ್ರ, ಭಕ್ತಿಗೆ ಅದು ಅಡ್ಡಬಾರದು ಎಂಬುದಕ್ಕೂ ಈ ಕುದುರೆಗಳೇ ಸಾಕ್ಷಿ.

ಈ ಎರಡು ಕುದುರೆಗಳಲ್ಲಿ ಒಂದರ ಮೇಲೆ ಪತಾಕೆ ಹಿಡಿದ ಸವಾರನಿರುತ್ತಾನೆ. ಇನ್ನೊಂದರ ಮೇಲೆ ಯಾರೂ ಕೂಡುವುದಿಲ್ಲ. ಅದು ಮಾವುಲಿಗಳ ಕುದುರೆ. ಅದರ ಬೆನ್ನ ಮೇಲೆ ಜ್ಞಾನೇಶ್ವರರೇ ಕುಳಿತಿದ್ದಾರೆಂಬುದು ವಾರಕರಿಗಳ ಭಾವನೆ. ದಾರಿಯಲ್ಲಿ ಸಾತಾರಾ ಜಿಲ್ಲೆಯ ಚಾಂದೋಬಾಚಾ ಲಿಂಬ ಮೊದಲಾದ ಸ್ಥಳಗಳಲ್ಲಿ 'ರಿಂಗಣ' ನಡೆಯುತ್ತದೆ. ಲಕ್ಷಗಟ್ಟಲೆ ಜನ ಸುತ್ತ ನಿಂತಿರುತ್ತಾರೆ. ತಾಳ, ಮೃದಂಗ, ಜಯಘೋಷಗಳಿಂದ ಕಿವಿ ಕಿವುಡಾಗುವಂತಿರುತ್ತದೆ. ಆ ನಡುವೆ ಬಿಟ್ಟ ಕಿರಿದಾದ ದಾರಿಯಲ್ಲಿ ಸವಾರನ ಕುದುರೆ ಓಡುತ್ತದೆ, ಬೆನ್ನ ಹಿಂದೆಯೇ ಸವಾರನಿಲ್ಲದ ಕುದುರೆ ಓಡುತ್ತದೆ. ಅವು ಹಾದುಹೋದ ಮೇಲೆ ಭಕ್ತರು ಗೊರಸಿನ ಕೆಳಗಿನ ಮಣ್ಣನ್ನು ಹಣೆಗೆ ಹಚ್ಚಿಕೊಳ್ಳುತ್ತಾರೆ.

ಇಲ್ಲಿ ನಾವು ಸ್ವಲ್ಪ ನಿಂತು ವಿಚಾರ ಮಾಡೋಣ. ಬೆನ್ನ ಮೇಲೆ ಯಾರೂ ಇಲ್ಲದ ಕುದುರೆಗೆ ಚಾಬೂಕಿನಿಂದ ಹೊಡೆಯುವವರು ಯಾರು? ಕಡಿವಾಣ ಎಳೆಯುವವರು ಯಾರು? ಒಂದು ಕುದುರೆ ಮುಂದೆ ಓಡಿದರೆ ಇನ್ನೊಂದು ಹಿಂದೆ ಓಡುವುದು ಅವುಗಳ ಜಾತಿಸ್ವಭಾವವೆಂಬುದು ನಿಜ. ಆದರೆ ಅಷ್ಟು ಗದ್ದಲದಲ್ಲಿ ಬೆದರದೆ, ಜನರ ಮೇಲೆ ಎರಗದೆ ಓಡಬೇಕಾದರೆ ಆ ಜೀವಿಗೆ ಮನುಷ್ಯರ ಮೇಲೆ ವಿಶ್ವಾಸವಿರಬೇಕು. ಹೆದರಿಸಿ ಆ ವಿಶ್ವಾಸವನ್ನು ಪಡೆಯಲಾಗದು.

ಕುದುರೆಯ ಸ್ವಭಾವ

ಹೆದರಿಕೆ ಏಕೆ ಕೆಲಸಕ್ಕೆ ಬಾರದು ಎಂಬುದನ್ನು ತಿಳಿಯಲು ಕುದುರೆಯ ಹುಟ್ಟುಗುಣ ತಿಳಿಯಬೇಕು. ಕುದುರೆ ಹುಲ್ಲು ತಿನ್ನುವ ಪ್ರಾಣಿ. ಹುಲಿ, ತೋಳಗಳ ಬಾಯಿಗೆ ಬೀಳದೆ ಓಡಿ ಪಾರಾದವುಗಳ ಸಂತತಿ ಅದು. ಅದರ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿವೆ. ತಾನು ನಿಂತಲ್ಲಿಂದಲೇ ಸುತ್ತಲಿನ ಬಹುಪಾಲನ್ನೆಲ್ಲ ಅದು ಕಾಣಬಲ್ಲದು. ಆದರೆ ಹಣೆಯ ಎದುರಿಗೆ ತೀರ ಹತ್ತಿರದ ಜಾಗವೂ, ಬಾಲದ ನೇರ ಹಿಂದಿನ ಜಾಗವೂ ಅದಕ್ಕೆ ಕಾಣದು. ಆದ್ದರಿಂದಲೇ ಹಿಂದಿನಿಂದ ಸದ್ದಿಲ್ಲದೆ ಹೋದವನಿಗೆ ಒದೆ ಬೀಳುತ್ತದೆ. ಅದು ಸಿಟ್ಟಿನ ಒದೆಯಲ್ಲ, ಹೆದರಿಕೆಯ ಒದೆ. ಇದನ್ನರಿಯದವನು 'ಕೆಟ್ಟ ಕುದುರೆ' ಎಂದು ಹೆಸರಿಟ್ಟು ಹೊಡೆಯುತ್ತಾನೆ. ಹೊಡೆದಷ್ಟೂ ಹೆದರಿಕೆ, ಹೆದರಿದಷ್ಟೂ ಒದೆ. ಹೀಗೆ ಒಳ್ಳೆಯ ಜೀವಿಯೊಂದು ನಿಜವಾಗಿಯೂ ಕೆಟ್ಟು ಹೋಗುತ್ತದೆ.

ಕುದುರೆಯ ನೆನಪು ಬಹಳ ಗಟ್ಟಿ. ನೋವು ಕೊಟ್ಟ ಜಾಗ, ನೋವು ಕೊಟ್ಟ ಕೈ ಎರಡನ್ನೂ ಅದು ಮರೆಯದು. ಹಾಗೆಯೇ ಸುಖ ಕೊಟ್ಟ ಕೈಯನ್ನೂ ಮರೆಯದು. ಯಾವ ನೆನಪನ್ನು ಅದರಲ್ಲಿ ಬಿತ್ತಬೇಕು ಎಂಬುದು ಸಾಕುವವನಿಗೆ ಬಿಟ್ಟದ್ದು.

ಹೊಗಳಿಕೆ ಎಂದರೆ ಏನು?

ಪ್ರಾಣಿಗೆ ನಮ್ಮ ಭಾಷೆ ತಿಳಿಯದು. 'ಶಾಬಾಸ್' ಎಂದರೂ ಅಷ್ಟೇ, 'ಥೂ' ಎಂದರೂ ಅಷ್ಟೇ. ಹಾಗಾದರೆ ಹೊಗಳಿಕೆಗೆ ಅರ್ಥವೇನು? ಇಲ್ಲಿಯೇ ಈ ಪಾಠದ ಮುಖ್ಯ ಮರ್ಮವಿದೆ. ಒಂದು ಮಾತು ಪ್ರಾಣಿಗೆ ಹೊಗಳಿಕೆಯಾಗಬೇಕಾದರೆ ಆ ಮಾತಿನ ಬೆನ್ನಿಗೆ ಒಂದು ಸುಖ ಬರಬೇಕು. ಆ ಸುಖ ಹಿಡಿ ಹುಲ್ಲಾಗಬಹುದು, ಬೆಲ್ಲದ ಚೂರಾಗಬಹುದು, ಮೈ ತುರಿಸುವ ಕೈಯಾಗಬಹುದು, ಇಲ್ಲವೆ ಸ್ವಲ್ಪ ವಿಶ್ರಾಂತಿಯಾಗಬಹುದು. ಹೀಗೆ ಹತ್ತಾರು ಸಲ ಮಾತೂ ಸುಖವೂ ಜೊತೆಯಾಗಿ ಬಂದರೆ ಮುಂದೆ ಮಾತೊಂದೇ ಸಾಕಾಗುತ್ತದೆ. ಬರಿಯ ಮಾತಿನ ಹೊಗಳಿಕೆ, ಬೆನ್ನಿಗೆ ಏನೂ ಇಲ್ಲದ ಹೊಗಳಿಕೆ, ಪ್ರಾಣಿಯ ಪಾಲಿಗೆ ಗಾಳಿಯ ಸದ್ದು.

ಪಳಗಿಸುವವರು ಕುದುರೆಗೆ ಕೊಡುವ ಮೊದಲ ಹೊಗಳಿಕೆ ಲಗಾಮು ಸಡಿಲಿಸುವುದು. ನಿಲ್ಲಲೆಂದು ಲಗಾಮು ಮೆಲ್ಲಗೆ ಬಿಗಿಹಿಡಿದಾಗ ಕುದುರೆಯ ಬಾಯಿಗೆ ಒತ್ತು ಬೀಳುತ್ತದೆ. ಅದು ನಿಂತ ಆ ಕ್ಷಣದಲ್ಲಿಯೇ ಕೈ ಸಡಿಲಾದರೆ, 'ನಿಂತದ್ದರಿಂದ ನನಗೆ ಹಿತವಾಯಿತು' ಎಂದು ಅದು ಕಲಿಯುತ್ತದೆ. ನಿಂತ ಮೇಲೂ ಎಳೆಯುತ್ತಲೇ ಇದ್ದರೆ ನಿಂತದ್ದಕ್ಕೂ ಶಿಕ್ಷೆ, ನಿಲ್ಲದಿದ್ದುದಕ್ಕೂ ಶಿಕ್ಷೆ ಎಂದಾಗುತ್ತದೆ. ಆಗ ಅದು ಬಾಯಿ ಬಿರುಸು ಮಾಡಿಕೊಂಡು ಯಾವ ಎಳೆತಕ್ಕೂ ಜಗ್ಗದಂತಾಗುತ್ತದೆ.

ಎರಡನೆಯ ಮರ್ಮ ಸಮಯ. ಮೆಚ್ಚುಗೆ ಒಂದೆರಡು ಸೆಕೆಂಡಿನೊಳಗೆ ಮುಟ್ಟಬೇಕು. ಬೆಳಗಿನ ಒಳ್ಳೆಯ ನಡತೆಗೆ ಸಂಜೆ ಬೆಲ್ಲ ಕೊಟ್ಟರೆ ಕುದುರೆಗೆ ಬೆಲ್ಲದ ರುಚಿ ತಿಳಿದೀತು, ಕಾರಣ ತಿಳಿಯದು. ಹಾಗೆಯೇ ಮಧ್ಯಾಹ್ನದ ತಪ್ಪಿಗೆ ಲಾಯದಲ್ಲಿ ಕಟ್ಟಿ ಹೊಡೆದರೆ, ಲಾಯಕ್ಕೆ ಬಂದದ್ದೇ ತಪ್ಪೆಂದು ಅದು ತಿಳಿಯುತ್ತದೆ. ಕುದುರೆ ಹಳ್ಳ ದಾಟಲಾರೆನೆಂದು ಹಟ ಹಿಡಿದು ನಿಂತಾಗ ಕುತ್ತಿಗೆ ತಟ್ಟುತ್ತ ಮುದ್ದು ಮಾಡಿದರೆ ಹಟಕ್ಕೇ ಮೆಚ್ಚುಗೆ ಕೊಟ್ಟಂತಾಗುತ್ತದೆ. ಒಂದು ಹೆಜ್ಜೆ ಮುಂದಿಟ್ಟಾಗ ತಟ್ಟಬೇಕು. ಮೊದಲ ದಿನ ಒಂದೇ ಹೆಜ್ಜೆ ಇಟ್ಟರೂ ಸಾಕು. ದೊಡ್ಡ ಕೆಲಸವನ್ನು ಚಿಕ್ಕ ಚಿಕ್ಕ ಹೆಜ್ಜೆಗಳಾಗಿ ಒಡೆದು, ಪ್ರತಿ ಹೆಜ್ಜೆಯನ್ನೂ ಗುರುತಿಸುವುದೇ ಪಳಗಿಸುವ ವಿದ್ಯೆ.

ಪರೀಕ್ಷೆಗಳು ಹೇಳಿದ್ದು

ಇದನ್ನು ಶಾಸ್ತ್ರಜ್ಞರೂ ಪರೀಕ್ಷೆ ಮಾಡಿ ನೋಡಿದ್ದಾರೆ. 1993ರಲ್ಲಿ ಫ್ರಾನ್ಸ್ ದೇಶದಲ್ಲಿ ನಡೆದ ಒಂದು ಅಧ್ಯಯನದಲ್ಲಿ, ಕುತ್ತಿಗೆ ಮುಗಿದು ಬೆನ್ನು ಶುರುವಾಗುವಲ್ಲಿನ ಎತ್ತರದ ಜಾಗದ ಹತ್ತಿರ ತುರಿಸಿದರೆ ಕುದುರೆಯ ಎದೆಬಡಿತ ನಿಧಾನವಾಗುತ್ತದೆಂದು ಕಂಡುಬಂತು. ಕುದುರೆಗಳು ಒಂದಕ್ಕೊಂದು ಹಲ್ಲಿನಿಂದ ತುರಿಸಿಕೊಳ್ಳುವ ಜಾಗವೂ ಅದೇ. ಬೇರೆ ಕಡೆ ತುರಿಸಿದಾಗ ಆ ಪರಿಣಾಮ ಕಾಣಲಿಲ್ಲ. ಎಂದರೆ ನಾವು ಪಟಪಟನೆ ಕುತ್ತಿಗೆ ಬಡಿಯುವುದಕ್ಕಿಂತ, ಅದು ತನ್ನ ಗೆಳೆಯನಿಂದ ಬಯಸುವ ರೀತಿಯಲ್ಲಿ ಕೈಯಾಡಿಸುವುದೇ ಅದಕ್ಕೆ ಇಷ್ಟ. ಮೆಚ್ಚುಗೆಯನ್ನು ಕೊಡುವವನಿಗೆ ಹಿತವಾದಂತೆ ಕೊಡದೆ ಪಡೆಯುವವನಿಗೆ ಹಿತವಾದಂತೆ ಕೊಡಬೇಕೆಂಬ ಪಾಠ ಇದರಲ್ಲಿದೆ.

2010ರಲ್ಲಿ ಅದೇ ದೇಶದಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ ಎಳೆಯ ಕುದುರೆಗಳಿಗೆ ಕೆಲಸ ಕಲಿಸುವಾಗ ಕೆಲವಕ್ಕೆ ಮಾತ್ರ ಒಳ್ಳೆಯ ನಡತೆಗೆ ತಿನಿಸು ಕೊಡಲಾಯಿತು. ತಿನಿಸು ಪಡೆದವು ಬೇಗ ಕಲಿತವು. ಅಷ್ಟೇ ಅಲ್ಲ, ತಿಂಗಳುಗಳ ಮೇಲೆಯೂ ಅವು ಮನುಷ್ಯರನ್ನು ಕಂಡಾಗ ತಾವಾಗಿ ಹತ್ತಿರ ಬಂದವು. 2016ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 28 ಕುದುರೆಗಳಿಗೆ ಮನುಷ್ಯನ ನಗುಮುಖದ ಮತ್ತು ಸಿಟ್ಟಿನ ಮುಖದ ದೊಡ್ಡ ಭಾವಚಿತ್ರಗಳನ್ನು ತೋರಿಸಿದರು. ಸಿಟ್ಟಿನ ಮುಖ ಕಂಡಾಗ ಅವುಗಳ ಎದೆಬಡಿತ ಹೆಚ್ಚು ಬೇಗ ಏರಿತು. ಅವು ತಲೆ ತಿರುಗಿಸಿ ಎಡಗಣ್ಣಿನಿಂದ ಅದನ್ನು ನೋಡಿದವು. ಅಪಾಯವನ್ನು ಎಡಗಣ್ಣಿನಿಂದ ನೋಡುವುದು ಅನೇಕ ಪ್ರಾಣಿಗಳ ರೂಢಿ.

ಇವೆಲ್ಲಕ್ಕಿಂತ ಹಳೆಯದಾದ ಒಂದು ಕಥೆ ಇನ್ನೂ ಸ್ವಾರಸ್ಯದ್ದು. ಸುಮಾರು 1904ರಲ್ಲಿ ಜರ್ಮನಿಯ ಬರ್ಲಿನ್ ನಗರದಲ್ಲಿ ಹಾನ್ಸ್ ಎಂಬ ಕುದುರೆ ಲೆಕ್ಕ ಮಾಡುತ್ತದೆಂದು ಪ್ರಸಿದ್ಧವಾಗಿತ್ತು. ಕೂಡಿಸುವ ಲೆಕ್ಕ ಕೇಳಿದರೆ ಗೊರಸಿನಿಂದ ನೆಲ ಕುಟ್ಟಿ ಉತ್ತರ ಕೊಡುತ್ತಿತ್ತು. ಅದರ ಒಡೆಯ ವಾನ್ ಓಸ್ಟನ್ ಮೋಸಗಾರನಲ್ಲ, ಶಾಲಾ ಮಾಸ್ತರನಾಗಿದ್ದವನು. ಓಸ್ಕರ್ ಫುಂಗ್ಸ್ಟ್ ಎಂಬ ಶಾಸ್ತ್ರಜ್ಞ 1907ರಲ್ಲಿ ಇದರ ಗುಟ್ಟು ಬಯಲು ಮಾಡಿದ. ಪ್ರಶ್ನೆ ಕೇಳಿದವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಾಗುತ್ತಿರಲಿಲ್ಲ. ಸರಿಯಾದ ಸಂಖ್ಯೆ ಬಂದೊಡನೆ ಕೇಳಿದವನ ತಲೆ ಅವನಿಗರಿವಿಲ್ಲದೆಯೇ ಕೂದಲೆಳೆಯಷ್ಟು ಅಲುಗುತ್ತಿತ್ತು, ಕುದುರೆ ಅದನ್ನು ಕಂಡು ಕುಟ್ಟುವುದನ್ನು ನಿಲ್ಲಿಸುತ್ತಿತ್ತು. ಹಾನ್ಸನಿಗೆ ಲೆಕ್ಕ ಬರುತ್ತಿರಲಿಲ್ಲ, ಆದರೆ ಮನುಷ್ಯನನ್ನು ಓದಲು ಬರುತ್ತಿತ್ತು. ನಮ್ಮ ಮನಸ್ಸಿನ ಸಿಟ್ಟನ್ನೂ ಪ್ರಸನ್ನತೆಯನ್ನೂ ನಾವು ಮುಚ್ಚಿಟ್ಟರೂ ನಮ್ಮ ಜೊತೆಯ ಮೂಕಜೀವಿ ಬಲ್ಲದು ಎಂಬುದನ್ನು ಇದರಿಂದ ತಿಳಿಯಬೇಕು.

ಹಿಂದಿನವರು ಬಲ್ಲ ಮಾತು

ಇದು ಹೊಸ ಕಾಲದ ಸಂಶೋಧನೆ ಮಾತ್ರವಲ್ಲ. ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಗ್ರೀಸಿನ ಜೆನೊಫನ್ ಎಂಬವನು ಕುದುರೆ ಸವಾರಿಯ ಮೇಲೆ ಒಂದು ಗ್ರಂಥ ಬರೆದ. ಅವನು ಸೈನಿಕ, ಯುದ್ಧ ಕಂಡವನು. ಆದರೂ ಸಿಟ್ಟಿನಲ್ಲಿ ಕುದುರೆಯ ಹತ್ತಿರ ಹೋಗಕೂಡದೆಂದೂ, ಹೇಳಿದಂತೆ ನಡೆದಾಗ ಅದಕ್ಕೆ ಹಿತ ಉಂಟುಮಾಡಬೇಕೆಂದೂ ಅವನು ಕಲಿಸಿದ. ನಮ್ಮ ದೇಶದಲ್ಲಿ ಶಾಲಿಹೋತ್ರನ ಹೆಸರಿನಲ್ಲಿ ಅಶ್ವಶಾಸ್ತ್ರವೇ ಬೆಳೆಯಿತು. ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಕುದುರೆಗಳ ಲಕ್ಷಣ, ಕುದುರೆಯಾಟಗಳ ವಿಚಾರ ವಿವರವಾಗಿ ಬಂದಿದೆ. ಅದೇ ಕಲ್ಯಾಣದಲ್ಲಿ ಕೆಲವೇ ದಶಕಗಳ ಮೇಲೆ ಬಿಜ್ಜಳನ ಮಂತ್ರಿಯಾಗಿ ಬಸವಣ್ಣನವರು ನಿಂತರು. ಅರಮನೆಯ ಲಾಯವನ್ನೂ ರೈತನ ದನದ ಕೊಟ್ಟಿಗೆಯನ್ನೂ ಕಂಡ ನಾಡು ಅದು.

ಹೊಗಳಿಕೆ ಬೇರೆ, ಕೃತಜ್ಞತೆ ಬೇರೆ

ಇಷ್ಟರವರೆಗೆ ಹೇಳಿದ್ದು ಹೊಗಳಿಕೆಯ ಮಾತು. ಅದು ಕ್ಷಣದ್ದು, ಕಲಿಸುವುದಕ್ಕಾಗಿ ಕೊಡುವಂಥದು. ಅದರಲ್ಲಿ ನಮ್ಮ ಸ್ವಾರ್ಥವೂ ಸೇರಿದೆ. ಹೊಗಳಿದರೆ ಕೆಲಸ ಚೆನ್ನಾಗಿ ಆಗುತ್ತದೆಂದು ಹೊಗಳುತ್ತೇವೆ. ಕೃತಜ್ಞತೆ ಹಾಗಲ್ಲ. ಕೆಲಸ ಮುಗಿದ ಮೇಲೂ, ಕೆಲಸ ಮಾಡುವ ಶಕ್ತಿ ತೀರಿದ ಮೇಲೂ ಉಳಿಯುವಂಥದು ಕೃತಜ್ಞತೆ. ಗಾಡಿ ಬಿಚ್ಚಿದೊಡನೆ ತಾನು ಚಹಾ ಕುಡಿಯಲು ಹೋಗದೆ ಮೊದಲು ಪ್ರಾಣಿಗೆ ನೀರು ತೋರಿಸುವುದು, ಬೆವರು ಒರೆಸುವುದು, ಗೊರಸು ಎತ್ತಿ ಕಲ್ಲು ಸಿಕ್ಕಿದೆಯೋ ಎಂದು ನೋಡುವುದು, ಹೆಗಲ ಹುಣ್ಣಿಗೆ ಔಷಧ ಹಚ್ಚಿ ಅದು ಮಾಯುವ ತನಕ ನೊಗ ಇಡದಿರುವುದು, ಲಾಳ ಸವೆದರೆ ತಡಮಾಡದೆ ಹೊಸತು ಹೊಡೆಸುವುದು, ಮುದಿಯಾದದ್ದನ್ನು ಸಂತೆಗೆ ಹೊಡೆಯದೆ ಹುಲ್ಲು ಹಾಕುವುದು, ಇವೆಲ್ಲ ಕೃತಜ್ಞತೆಯ ಮಾತುಗಳು. ಇವನ್ನು ಬಾಯಿಂದ ಆಡುವುದಿಲ್ಲ, ಕೈಯಿಂದ ಆಡುತ್ತೇವೆ.

ನಮ್ಮ ಹಿರಿಯರು ಇದಕ್ಕಾಗಿ ಹಬ್ಬವನ್ನೇ ಇಟ್ಟರು. ಕಾರಹುಣ್ಣಿಮೆಯ ದಿನ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಜೂಲು ಹೊದಿಸಿ, ಹೋಳಿಗೆ ತಿನ್ನಿಸಿ, ಸಂಜೆ ಕರಿ ಹರಿಯುತ್ತೇವೆ. ಇದೇ ಹುಣ್ಣಿಮೆಗೆ ಸಾಂಗಲಿ, ಕೊಲ್ಲಾಪುರ ಕಡೆಯ ಮರಾಠಿ ಬಂಧುಗಳು 'ಕರ್ನಾಟಕಿ ಬೇಂದೂರ' ಎನ್ನುತ್ತಾರೆ. ಹೆಸರಿನಲ್ಲಿಯೇ ನಮ್ಮ ನಾಡಿದೆ. ಆ ದಿನ ಎತ್ತಿಗೆ ನೊಗವಿಲ್ಲ. ಆದರೆ ಒಂದು ದಿನ ಹೋಳಿಗೆ ತಿನ್ನಿಸಿ ಉಳಿದ 364 ದಿನ ಬಾರುಕೋಲು ತಿನ್ನಿಸಿದರೆ ಆ ಹಬ್ಬಕ್ಕೆ ಏನು ಬೆಲೆ? ಹಬ್ಬ ಇರುವುದು ಉಳಿದ ದಿನಗಳನ್ನು ನೆನಪಿಸುವುದಕ್ಕೆ.

ಕಬ್ಬಿನ ಹಂಗಾಮಿನ ಮಾತು

ಈ ವಿಚಾರ ನಮ್ಮ ಭಾಗಕ್ಕೆ ಬಹಳ ಹತ್ತಿರದ್ದು. ಕೃಷ್ಣಾ, ವಾರಣಾ ದಂಡೆಯಲ್ಲಿ ಕಬ್ಬು ಕಡಿಯುವ ತಿಂಗಳುಗಳಲ್ಲಿ ಸಕ್ಕರೆ ಕಾರಖಾನೆಯ ದಾರಿಗಳಲ್ಲಿ ಎತ್ತಿನ ಗಾಡಿಗಳ ಸಾಲು ಇನ್ನೂ ಕಾಣುತ್ತದೆ. ಗಾಡಿಯ ಮೇಲೆ ಮನೆಯೆತ್ತರ ಕಬ್ಬು, ಡಾಂಬರು ರಸ್ತೆಯ ಏರಿನಲ್ಲಿ ಜಾರುವ ಗೊರಸು, ಬಾಯಿಯಿಂದ ಇಳಿಯುವ ನೊರೆ. ಗಾಡಿ ಹೊಡೆಯುವವನೂ ಬಡವ, ಊರು ಬಿಟ್ಟು ಹೆಂಡಿರು ಮಕ್ಕಳೊಂದಿಗೆ ಬಂದವನು. ಟನ್ನಿನ ಮೇಲೆ ಅವನ ಕೂಲಿ. ಆದ್ದರಿಂದ ಅವನೊಬ್ಬನನ್ನೇ ಬೈದು ನಾವು ಪುಣ್ಯವಂತರಾಗಲಾರೆವು. ಕಬ್ಬು ನಮ್ಮದು, ಸಕ್ಕರೆ ತಿನ್ನುವವರು ನಾವು.

ಕಾಯಿದೆ ಏನೆನ್ನುತ್ತದೆ ಎಂಬುದನ್ನು ಎಲ್ಲರೂ ತಿಳಿದಿರಬೇಕು. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ 1960ರ ಕಾಯಿದೆಯ ಕೆಳಗೆ 1965ರಲ್ಲಿ ಗಾಡಿ ಎಳೆಯುವ ಮತ್ತು ಹೇರು ಹೊರುವ ಪ್ರಾಣಿಗಳಿಗಾಗಿ ನಿಯಮಗಳು ಬಂದವು. ಅವುಗಳಂತೆ ದಿನಕ್ಕೆ ಒಟ್ಟು 9 ತಾಸಿಗಿಂತ ಹೆಚ್ಚು ದುಡಿಸಬಾರದು. ವಿಶ್ರಾಂತಿ ಕೊಡದೆ ಒಂದೇ ಸಮನೆ 5 ತಾಸಿಗಿಂತ ಹೆಚ್ಚು ದುಡಿಸಬಾರದು. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸಬಾರದು. ಮೊಳೆ ಇರುವ ಕೋಲು, ಮೊಳೆ ಇರುವ ಕಡಿವಾಣ ಬಳಸಬಾರದು. ಹೇರಿಗೂ ಮಿತಿ ಉಂಟು. ಎತ್ತಿನ ಗಾಡಿ ಶರ್ಯತ್ತುಗಳ ಮೇಲೆಯೂ 2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯ ನಿಷೇಧ ಹಾಕಿತ್ತು. ಮಹಾರಾಷ್ಟ್ರ 2017ರಲ್ಲಿ ಹೊಸ ಕಾಯಿದೆ ಮಾಡಿತು. 2023ರ ಮೇ 18ರಂದು ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಶರ್ಯತ್ತು ಮತ್ತೆ ಬಂತೆಂದರೆ ಹಿಂಸೆಗೆ ಪರವಾನಿಗೆ ಬಂತೆಂದು ಯಾರೂ ತಿಳಿಯಬಾರದು. ನಿಯಮಗಳಿಗೆ ಒಳಪಟ್ಟೇ ಅದಕ್ಕೆ ಒಪ್ಪಿಗೆ ದೊರೆತಿದೆ.

ಕಾಯಿದೆ ಬೇಡವೆನ್ನುವುದನ್ನು ಮಾತ್ರ ಹೇಳುತ್ತದೆ. ಬೇಕಾದದ್ದನ್ನು ಮಾಡುವುದು ಮನಸ್ಸು. 2022ರಲ್ಲಿ ಸಾಂಗಲಿ ಜಿಲ್ಲೆಯ ಇಂಜಿನಿಯರಿಂಗ್ ಕಾಲೇಜೊಂದರ ವಿದ್ಯಾರ್ಥಿಗಳು ಕಬ್ಬಿನ ಗಾಡಿಯ ನೊಗದ ಕೆಳಗೆ ಒಂದು ಚಿಕ್ಕ ಗಾಲಿ ಜೋಡಿಸಿ ಎತ್ತಿನ ಹೆಗಲ ಭಾರ ಇಳಿಯುವಂತೆ ಮಾಡಿದರು. ಅದಕ್ಕೆ 'ಸಾರಥಿ' ಎಂದು ಹೆಸರಿಟ್ಟರು. ಯಾವ ಕಾಯಿದೆಯೂ ಅವರಿಗೆ ಹಾಗೆ ಮಾಡಿರೆಂದು ಹೇಳಿರಲಿಲ್ಲ. ದಿನಾಲು ದಾರಿಯಲ್ಲಿ ಕಂಡದ್ದು ಅವರ ಕರುಳಿಗೆ ತಾಕಿತು, ಕಲಿತ ವಿದ್ಯೆಯನ್ನು ಆ ಕಡೆ ತಿರುಗಿಸಿದರು. ಇದೂ ಕೃತಜ್ಞತೆಯೇ.

ರೈತ ಬಂಧುವಿನ ಪ್ರಶ್ನೆಗೆ ಉತ್ತರ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಹೊಡೆದರೆ ಎತ್ತು ಎಳೆಯುತ್ತದೆ, ಕುದುರೆ ಓಡುತ್ತದೆ, ಇದು ಕಣ್ಣಿಗೆ ಕಾಣುವ ಸತ್ಯ. ಆದರೆ ಇಲ್ಲಿ ಕಲಿಯುತ್ತಿರುವವರು ಯಾರು ಎಂದು ನೋಡಬೇಕು. ಮನುಷ್ಯ ಹೊಡೆದ, ಪ್ರಾಣಿ ತಟ್ಟನೆ ಮುಂದೆ ಹೋಯಿತು. ಮನುಷ್ಯನಿಗೆ ಕೂಡಲೇ ಫಲ ಸಿಕ್ಕಿತು. ಮರುದಿನ ಮತ್ತೆ ಹೊಡೆದ, ಮತ್ತೆ ಫಲ ಸಿಕ್ಕಿತು. ಹೀಗೆ ಬಾರುಕೋಲು ಎತ್ತನ್ನು ಪಳಗಿಸುವುದಕ್ಕಿಂತ ಮೊದಲು ಅದನ್ನು ಹಿಡಿದವನನ್ನೇ ಪಳಗಿಸಿಬಿಡುತ್ತದೆ. ಅವನಿಗೆ ಬೇರೆ ದಾರಿ ಇದೆಯೆಂಬುದೇ ಮರೆತು ಹೋಗುತ್ತದೆ. ಇತ್ತ ಎತ್ತಿನ ಚರ್ಮ ದಡ್ಡುಗಟ್ಟುತ್ತದೆ, ನಿನ್ನೆಯ ಒಂದು ಏಟಿನ ಕೆಲಸಕ್ಕೆ ಇಂದು ಎರಡು ಏಟು ಬೇಕಾಗುತ್ತವೆ. ಏಟು ಬೆಳೆಯುತ್ತ ಹೋಗುವ ಸಾಲ. ಮೆಚ್ಚುಗೆ ಹಾಗಲ್ಲ. ಒಮ್ಮೆ ಕಲಿತ ಮೇಲೆ ಸಣ್ಣ ಮಾತು ಸಾಕು, ಬೆರಳಿನ ಸನ್ನೆ ಸಾಕು. ಒಳ್ಳೆಯ ಗಾಡಿಯವನ ಎತ್ತುಗಳು ಅವನ ನಾಲಗೆಯ ಸದ್ದಿಗೇ ತಿರುಗುವುದನ್ನು ನಮ್ಮ ರೈತರು ಕಂಡೇ ಇದ್ದಾರೆ. ಅಂಥ ಜೋಡಿಗೆ ಸಂತೆಯಲ್ಲಿ ಬೆಲೆಯೂ ಹೆಚ್ಚು.

ಹೊಗಳಿದರೆ ತಲೆಯ ಮೇಲೆ ಕೂಡುತ್ತವೆ ಎಂಬ ಮಾತಿನಲ್ಲಿಯೂ ಒಂದು ಸತ್ಯಾಂಶವಿದೆ. ಕಾರಣವಿಲ್ಲದೆ ಸದಾ ತಿನಿಸು ಕೊಟ್ಟ ಕುದುರೆ ಕಿಸೆಗೆ ಬಾಯಿ ಹಾಕುತ್ತದೆ, ಕೈ ಕಚ್ಚುತ್ತದೆ. ಅದು ಮೆಚ್ಚುಗೆಯ ದೋಷವಲ್ಲ, ವಿವೇಕವಿಲ್ಲದ ಮೆಚ್ಚುಗೆಯ ದೋಷ. ಮಾಡಿದ್ದಕ್ಕೆ ಮೆಚ್ಚುಗೆ, ಮಾಡಿದ ಕ್ಷಣದಲ್ಲಿ ಮೆಚ್ಚುಗೆ, ಮಾಡಿದಷ್ಟಕ್ಕೆ ಮೆಚ್ಚುಗೆ ಎಂಬ ಮೂರು ಕಟ್ಟಳೆಗಳಿದ್ದರೆ ಯಾರೂ ಕೆಡರು. ಮುಖಸ್ತುತಿ ಬೇರೆ, ಮೆಚ್ಚುಗೆ ಬೇರೆ. ಮುಖಸ್ತುತಿ ಮನುಷ್ಯನನ್ನು ನೋಡುತ್ತದೆ, ಮೆಚ್ಚುಗೆ ಅವನ ಕಾಯಕವನ್ನು ನೋಡುತ್ತದೆ.

ಶರಣರ ದಾರಿ

ಬಸವಣ್ಣನವರು ಧರ್ಮದ ಬುಡದಲ್ಲಿ ದಯೆಯನ್ನಿಟ್ಟರು, ಅದೂ ಸಕಲ ಪ್ರಾಣಿಗಳನ್ನು ಒಳಗೊಂಡ ದಯೆ. ಆ ವಚನ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಬಾಯಿಪಾಠ. ಬಸವ ಎಂಬ ಹೆಸರೇ ವೃಷಭ ಎಂಬ ಶಬ್ದದಿಂದ ಬಂದದ್ದು. ಶಿವನ ಎದುರು ನಂದಿಗೆ ಸ್ಥಾನವಿದೆ. ಅನುಭವ ಮಂಟಪದ ಕಾಲದ ಶರಣರಲ್ಲಿ ತುರುಗಾಹಿ ರಾಮಣ್ಣನವರು ಇದ್ದರು. ದನ ಕಾಯುವುದೇ ಅವರ ಕಾಯಕ, ವಚನಕಾರರೂ ಹೌದು. ದನ ಕಾಯುವವನ ಕಾಯಕಕ್ಕೆ ಗೌರವ ಕೊಟ್ಟ ಧರ್ಮ ನಮ್ಮದು.

ಹಾಗಾದರೆ ದನದ ದುಡಿಮೆಯನ್ನು ನಾವು ಏನೆಂದು ಕರೆಯೋಣ? ಅದು ಕೂಲಿ ಕೇಳದು, ರಜೆ ಕೇಳದು, ಹೆಸರು ಕೇಳದು. ಮನುಷ್ಯ ದುಡಿದು ದಾಸೋಹ ಮಾಡಿದರೆ 'ನಾನು ಮಾಡಿದೆ' ಎಂಬ ಅಹಂಕಾರ ನುಸುಳುವ ಭಯವುಂಟು. ಆ ಮೂಕಜೀವಿಗೆ ಅಹಂಕಾರವೂ ಇಲ್ಲ. ಅದರ ಬೆವರಿನಿಂದ ಬೆಳೆದ ಜೋಳವನ್ನು ಪ್ರಸಾದವೆಂದು ಕಣ್ಣಿಗೊತ್ತಿ ಉಣ್ಣುವ ನಾವು ಅದರ ಬೆನ್ನ ಮೇಲಿನ ಬಾಸುಂಡೆಯನ್ನು ನೋಡದೆ ಉಂಡರೆ ಆ ಪ್ರಸಾದ ಪೂರ್ಣವಾಯಿತೇ? ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು ಪೂಜಿಸಿದ ಕೈ, ಅರ್ಧ ತಾಸಿನ ಮೇಲೆ ಏನು ಹಿಡಿದು ಏನು ಮಾಡುತ್ತದೆ ಎಂಬುದೂ ಆ ಪೂಜೆಗೇ ಸೇರಿದ್ದು.

ಮನೆಯೊಳಗೆ

ಲಾಯದಲ್ಲಿ ಕಲಿತ ಪಾಠ ಮನೆಯಲ್ಲಿಯೂ ನಡೆಯಬೇಕು. ನಮ್ಮ ಮನೆಗಳಲ್ಲಿ ತಪ್ಪನ್ನು ಹೇಳಲು ಬಾಯಿಗಳು ಬಹಳ, ಒಪ್ಪನ್ನು ಹೇಳಲು ಬಾಯಿಗಳು ಕಡಿಮೆ. ಸೊಸೆ ಮಾಡಿದ ರೊಟ್ಟಿ ಒಂದು ದಿನ ಸೀದರೆ ಎಲ್ಲರಿಗೂ ಕಾಣುತ್ತದೆ, ಸೀಯದೆ ಬಂದ ದಿನಗಳ ಲೆಕ್ಕ ಯಾರೂ ಇಡುವುದಿಲ್ಲ. ಮಗ ಗಣಿತದಲ್ಲಿ 40 ತೆಗೆದರೆ ಬೈಗಳು, 40ರಿಂದ 52ಕ್ಕೆ ಏರಿದಾಗ 'ಇನ್ನೂ 60 ಯಾಕಿಲ್ಲ?' ಎಂಬ ಬೈಗಳು. ಲಗಾಮು ಸಡಿಲಾಗುವುದೇ ಇಲ್ಲ. ಆಗ ಹುಡುಗನೂ ಆ ಕುದುರೆಯಂತೆ ಬಾಯಿ ಬಿರುಸು ಮಾಡಿಕೊಳ್ಳುತ್ತಾನೆ. ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಗಳಿಗೆ ಕೂಲಿ ಕೊಟ್ಟೆವೆಂದರೆ ಋಣ ತೀರಿತೆಂದು ತಿಳಿಯುತ್ತೇವೆ. ಕೂಲಿ ದುಡಿಮೆಯ ಬೆಲೆ. 'ತಂಗೀ, ಸಾಲು ಚಂದ ಹಿಡಿದಿ ನೋಡು' ಎಂಬ ಒಂದು ಮಾತು ಅವಳ ಮನುಷ್ಯತ್ವಕ್ಕೆ ಸಲ್ಲುವ ಗೌರವ. ಕೂಲಿ ಕೊಡದೆ ಈ ಮಾತಷ್ಟೇ ಆಡಿದರೆ ಅದು ಬೆನ್ನಿಗೆ ಸುಖವಿಲ್ಲದ ಗಾಳಿಮಾತು ಎಂಬುದನ್ನೂ ಮರೆಯಬಾರದು.

ಆಚರಣೆಗೆ

ಈ ತಿಂಗಳು ಸದ್ಭಕ್ತರು ಇಷ್ಟನ್ನಾದರೂ ರೂಢಿಸಿಕೊಳ್ಳಬೇಕೆಂದು ನಮ್ಮ ಅಪೇಕ್ಷೆ.

1. ದುಡಿದು ಬಂದ ಪ್ರಾಣಿಗೆ ಮೊದಲು ನೀರು, ಆಮೇಲೆ ನಮಗೆ.

2. ಬಾರುಕೋಲಿಗೆ ಮೊಳೆ ಇದ್ದರೆ ಇಂದೇ ಕೀಳಬೇಕು.

3. ಪ್ರಾಣಿ ಹೇಳಿದಂತೆ ನಡೆದ ಕ್ಷಣದಲ್ಲಿಯೇ ಒಂದೇ ಬಗೆಯ ಮೆಚ್ಚುಗೆಯ ಮಾತು, ಅದರ ಬೆನ್ನಿಗೆ ಒಂದು ಹಿತ.

4. ಸಿಟ್ಟು ಬಂದಾಗ ಲಗಾಮು, ಹಗ್ಗ ಯಾವುದನ್ನೂ ಕೈಯಲ್ಲಿ ಹಿಡಿಯಬಾರದು. ಸಿಟ್ಟು ಇಳಿದ ಮೇಲೆ ಕೆಲಸ.

5. ದಿನಕ್ಕೊಮ್ಮೆ ಮನೆಯಲ್ಲಿ ಒಬ್ಬರಿಗಾದರೂ, ಅವರು ಮಾಡಿದ ಒಂದು ಕೆಲಸವನ್ನು ಹೆಸರಿಸಿ ಮೆಚ್ಚುಗೆ ಹೇಳಬೇಕು.

ಗೋಷ್ಠಿಯಲ್ಲಿ ಚರ್ಚಿಸಲು ಪ್ರಶ್ನೆಗಳು

1. ಹೊಗಳಿಕೆ ಮತ್ತು ಕೃತಜ್ಞತೆಗಳಿಗೆ ಇರುವ ಅಂತರವನ್ನು ನಿಮ್ಮ ಮನೆಯ ಒಂದು ಉದಾಹರಣೆಯಿಂದ ಹೇಳಿರಿ.

2. ಹೊಡೆಯುವವನನ್ನು ಬಾರುಕೋಲೇ ಪಳಗಿಸುತ್ತದೆ ಎಂಬ ಮಾತು ನಿಮಗೆ ಒಪ್ಪಿಗೆಯೇ? ಇಲ್ಲವಾದರೆ ಏಕೆ?

3. ನಿಮ್ಮ ಊರಿನಿಂದ ಕಾರಖಾನೆಗೆ ಹೋಗುವ ಗಾಡಿಗಳ ಎತ್ತುಗಳಿಗೆ ದಾರಿಯಲ್ಲಿ ನೀರು, ನೆರಳು ಉಂಟೇ? ಇಲ್ಲವಾದರೆ ಊರವರು ಕೂಡಿ ಏನು ಮಾಡಬಹುದು?

4. ದುಡಿಯಲಾರದ ಮುದಿ ಪ್ರಾಣಿಯನ್ನು ಸಾಕುವುದು ಬಡ ರೈತನಿಗೆ ಕಷ್ಟವೆಂಬುದು ನಿಜ. ಆ ಭಾರವನ್ನು ಸಮಾಜ ಹಂಚಿಕೊಳ್ಳುವ ಬಗೆ ಹೇಗೆ?

ಕೊನೆಯ ಪ್ರಶ್ನೆ ಕಠಿಣವಾದದ್ದು. ಅದಕ್ಕೆ ಸಿದ್ಧ ಉತ್ತರವಿಲ್ಲ. ಆದ್ದರಿಂದಲೇ ಅದನ್ನು ಎಲ್ಲರೂ ಕೂಡಿ ವಿಚಾರ ಮಾಡಬೇಕಾಗಿದೆ. ರೈತ, ಟೆಂಪೋ ಓಡಿಸುವವ, ಮಾಸ್ತರ, ಮನೆಯ ತಾಯಂದಿರು ಎಲ್ಲರೂ ಗೋಷ್ಠಿಯಲ್ಲಿ ತಮ್ಮ ಅನುಭವ ಹೇಳಲಿ. ಒಳ್ಳೆಯ ಉಪಾಯವೊಂದು ಒಂದು ಊರಿನಲ್ಲಿ ಸಾಧಿಸಿದರೆ ಅದು ಇನ್ನೊಂದು ಊರಿಗೆ ದಾರಿಯಾದೀತು.

ನಾಲಗೆ ಇಲ್ಲದವರ ಉಪಕಾರವನ್ನು ನೆನೆಯುವ ನಾಲಗೆಯೇ ಶಿವನಾಮಕ್ಕೆ ಯೋಗ್ಯವಾದ ನಾಲಗೆ. ಸಕಲ ಜೀವಾತ್ಮರಿಗೆ ಲೇಸಾಗಲಿ.